ದೇವಸ್ಥಾನ ಸುತ್ತುವವರಿಗೆ ಕ್ಯಾನನ್ 10-18 ಲೆನ್ಸ್: ಛಾವಣಿಗೆ ಸೈ, ಶಿಲ್ಪಕ್ಕೆ ಅಷ್ಟಕ್ಕಷ್ಟೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ದೇವಸ್ಥಾನ, ಬಸದಿ, ಗುಹೆಗಳ ಫೋಟೋ ತೆಗೆಯುವ ಹುಚ್ಚು ನಿಮಗಿದ್ದು, ಕೈಯಲ್ಲಿ ಕ್ಯಾನನ್‌ನ 1500ಡಿ, 200ಡಿ, 80ಡಿ ಥರದ ಕ್ಯಾಮೆರಾ ಇದ್ದರೆ ಈ ಲೆನ್ಸ್ ಧೈರ್ಯವಾಗಿ ತಗೊಳ್ಳಿ. ಆದರೆ ಬೇಲೂರಿನ ಮದನಿಕೆಯರನ್ನು ಚೆನ್ನಾಗಿ ತೆಗೆಯೋಕೆ ಅಂತ ಮಾತ್ರ ತಗೋಬೇಡಿ. ಆ ಕೆಲಸ ಇದರದ್ದಲ್ಲ. ಇದರ ಕೆಲಸ ತಲೆ ಮೇಲಿನದ್ದು, ಅಂದರೆ ಛಾವಣಿ, ಕಂಬದ ಸಾಲು, ಕತ್ತಲೆ ತುಂಬಿದ ನವರಂಗ (ಗರ್ಭಗುಡಿಯ ಮುಂದಿನ ಮಂಟಪ). ಅಲ್ಲಿ ಇದಕ್ಕಿಂತ ಎರಡು ಮೂರು ಪಟ್ಟು ಬೆಲೆಯ ಲೆನ್ಸುಗಳಿಗಿಂತ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಪೂರ್ತಿ ಹೆಸರು ಇಎಫ್-ಎಸ್ 10-18ಎಂಎಂ ಎಫ್/4.5-5.6 ಐಎಸ್ ಎಸ್‌ಟಿಎಂ. ಎಂಎಂ ಸಂಖ್ಯೆ ಸಣ್ಣದಾದಷ್ಟು ನೋಟ ಅಗಲ, ಎಫ್ ಮುಂದಿನ ಸಂಖ್ಯೆ ಸಣ್ಣದಾದಷ್ಟು ಒಳಗೆ ಬರುವ ಬೆಳಕು ಜಾಸ್ತಿ. 2014ರಲ್ಲಿ ಬಂತು. ಅಮೆರಿಕದಲ್ಲಿ ಆಗ 299 ಡಾಲರ್ ಇಟ್ಟಿದ್ದರು. ಅದಕ್ಕೂ ಹತ್ತು ವರ್ಷ ಮೊದಲು, 2004ರಲ್ಲಿ ಬಂದ ಕ್ಯಾನನ್‌ನದೇ 10-22 ಲೆನ್ಸಿನ ಬೆಲೆಗೆ ಹೋಲಿಸಿದರೆ ಅರ್ಧದಷ್ಟೂ ಇಲ್ಲ. ತೂಕ 240 ಗ್ರಾಂ. 10-22 ಲೆನ್ಸ್ 385 ಗ್ರಾಂ. ಮನೆಯಲ್ಲಿ ಕೂತು ಓದುವಾಗ ಈ ವ್ಯತ್ಯಾಸ ಏನು ಮಹಾ ಅನ್ನಿಸುತ್ತದೆ. ಶ್ರವಣಬೆಳಗೊಳದಲ್ಲಿ ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ, ಕುತ್ತಿಗೆಗೆ ಕ್ಯಾಮೆರಾ, ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಮಗುವಿನ ಕೈ ಇರುವಾಗ ಪ್ರತಿ ಗ್ರಾಮೂ ಲೆಕ್ಕಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ನಮ್ಮ ಹಳೆ ದೇವಸ್ಥಾನಗಳ ಒಳಗೆ ಫೋಟೋ ತೆಗೆಯುವವರಿಗೆ ಎರಡು ತೊಂದರೆ. ಒಂದು, ಜಾಗ ಇಲ್ಲ. ಹಿಂದೆ ಸರಿಯೋಣ ಅಂದರೆ ಕಂಬ ಬೆನ್ನಿಗೆ ತಾಗುತ್ತದೆ. ಎರಡು, ಬೆಳಕಿಲ್ಲ. ಬೇಲೂರನ್ನೇ ತಗೊಳ್ಳಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದಾಗ ಆ ಮಂಟಪ ತೆರೆದೇ ಇತ್ತು ಅನ್ನುತ್ತಾರೆ. ಆಮೇಲೆ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸುತ್ತಲೂ ಕಲ್ಲಿನ ಜಾಲಂಧ್ರ (ತೂತು ತೂತಾದ ಪರದೆ) ಕೂರಿಸಿದರು. ಜಾಲಂಧ್ರಗಳೇನೋ ಒಂದಕ್ಕಿಂತ ಒಂದು ಚೆಂದ. ಆದರೆ ಒಳಗೆ ಕತ್ತಲೆ. ಬಿಸಿಲಿನಿಂದ ಬಂದವರಿಗೆ ಮೊದಲ ಎರಡು ನಿಮಿಷ ಏನೂ ಕಾಣಿಸುವುದಿಲ್ಲ, ಕ್ಯಾಮೆರಾದ ಕಥೆಯೂ ಅಷ್ಟೇ.

ಹೊಳೆಯುವ ಕಪ್ಪು ಕಂಬಗಳು, ಆ ಕಡೆ ಬಾಗಿಲಿನಿಂದ ಕಣ್ಣು ಕುಕ್ಕುವ ಬೆಳಕು, ಈ ಕಡೆ ಕಾಡಿಗೆಯಂಥ ಕತ್ತಲೆ. ಟ್ರೈಪಾಡ್ ಇದ್ದಿದ್ದರೆ ಚಿಂತೆ ಇರಲಿಲ್ಲ. ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ನಮ್ಮಂಥ ಭಾನುವಾರದ ಪ್ರವಾಸಿಗರು ಅರ್ಜಿ ಹಾಕಿ, ಒಪ್ಪಿಗೆ ಬರುವವರೆಗೆ ಕಾಯುವುದು ಆಗುವ ಮಾತಲ್ಲ. ಕಾರಿನ ಡಿಕ್ಕಿಯಲ್ಲಿ ಟ್ರೈಪಾಡ್ ಇರುತ್ತದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಎಷ್ಟೋ ಕಡೆ ನಿಷೇಧ ಇದೆ, ಅದಿರಲಿ, ಎದುರಿನಿಂದ ಹೊಡೆದ ಬೆಳಕಿಗೆ ಕೆತ್ತನೆಯ ಆಳವೆಲ್ಲ ಮಾಯವಾಗಿ ಕಲ್ಲು ಚಪ್ಪಟೆ ಕಾಣಿಸುತ್ತದೆ.

ಈ ಲೆನ್ಸ್ ಗೆಲ್ಲುವುದು ಅಲ್ಲೇ. 10ಎಂಎಂನಲ್ಲಿ ಇದರ ನೋಟ 107 ಡಿಗ್ರಿ ದಾಟುತ್ತದೆ. ಕ್ಯಾಮೆರಾ ಜೊತೆ ಬರುವ 18-55ರಲ್ಲಿ ನಾಲ್ಕು ಕಂಬದಲ್ಲಿ ಎರಡು ಹೊರಗೆ ಉಳಿಯುತ್ತಿದ್ದವಲ್ಲ, ಇದರಲ್ಲಿ ನಾಲ್ಕೂ ಬಂದು, ಛಾವಣಿ ಬಂದು, ಕೆಳಗಿನ ದುಂಡು ವೇದಿಕೆಯೂ ಬರುತ್ತದೆ. ಅದಕ್ಕಿಂತ ದೊಡ್ಡದು ಐಎಸ್, ಅಂದರೆ ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ. ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಸಹಾಯ ಅಂತ ಕಂಪನಿ ಹೇಳುತ್ತದೆ. ಕಂಬಕ್ಕೆ ಭುಜ ಒರಗಿಸದೆ (ಕೆತ್ತನೆ ಇರುವ ಕಂಬಕ್ಕೆ ದಯವಿಟ್ಟು ಒರಗಬೇಡಿ), ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಉಸಿರು ಅರ್ಧ ಬಿಟ್ಟು ಒತ್ತಿದರೆ ಕಾಲು ಸೆಕೆಂಡ್ ಶಟರ್‌ನಲ್ಲೂ ಚಿತ್ರ ಅಲುಗಾಡದೆ ಬರುತ್ತದೆ. ಒಂದೇ ಸಲಕ್ಕೆ ನಾಲ್ಕೈದು ಫ್ರೇಮ್ ಹೊಡೆದುಬಿಡಿ, ಒಂದಾದರೂ ಚೂಪಾಗಿರುತ್ತದೆ.

ಎಫ್/4.5 ಅಂದರೆ ಬೆಳಕು ತೀರಾ ಕಡಿಮೆ ಆಯ್ತಲ್ವಾ, ಟೋಕಿನಾ ಕಂಪನಿಯ ಎಫ್/2.8 ಲೆನ್ಸ್ ತಗೊಳ್ಳಬಾರದಾ ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಟೋಕಿನಾ 11-16ರ ಎಫ್/2.8 ನಿಮಗೆ ಒಂದೂವರೆ ಸ್ಟಾಪ್‌ಗಿಂತ ಕೊಂಚ ಕಡಿಮೆ ಬೆಳಕು ಜಾಸ್ತಿ ಕೊಡುತ್ತದೆ. ಆದರೆ ಅದಕ್ಕೆ ಐಎಸ್ ಇಲ್ಲ. ಕಲ್ಲು ಎಲ್ಲಿಗೂ ಓಡಿ ಹೋಗುವುದಿಲ್ಲ. ಓಡದ ವಸ್ತುವಿಗೆ ನಿಧಾನ ಶಟರ್ ಸಾಕು, ನಡುಗದ ಕೈ ಬೇಕು, ಅಷ್ಟೆ. ಮದುವೆ ಮಂಟಪಕ್ಕೋ ಯಕ್ಷಗಾನಕ್ಕೋ ಆದರೆ ಈ ಮಾತು ತಿರುಗುಮುರುಗಾಗುತ್ತದೆ. ಐಎಸ್ ನಿಮ್ಮ ಕೈಯನ್ನು ಹಿಡಿದು ನಿಲ್ಲಿಸಬಲ್ಲದೇ ಹೊರತು ಎದುರಿಗೆ ಪ್ರದಕ್ಷಿಣೆ ಹಾಕುವ ಭಕ್ತರನ್ನಲ್ಲ. ಪೂಜೆ ನಡೆಯುವ ದೇವಸ್ಥಾನದಲ್ಲಿ ಕಾಲು ಸೆಕೆಂಡಿನ ಫೋಟೋ ತೆಗೆದರೆ ಜನರೆಲ್ಲ ಮಸುಕು ಮಸುಕಾಗಿ ಹೊಗೆಯಂತೆ ಬರುತ್ತಾರೆ. ನನಗೆ ಅದು ಇಷ್ಟ, ಕೆಲವರಿಗೆ ಆಗುವುದಿಲ್ಲ.

ಛಾವಣಿ ತೆಗೆಯುವ ಉಪಾಯ ಹೇಳದೆ ಮುಂದೆ ಹೋಗುವ ಹಾಗಿಲ್ಲ, ಯಾಕೆಂದರೆ ಈ ಲೆನ್ಸ್ ಕೊಳ್ಳುವುದೇ ಅದಕ್ಕೆ. ಹೊಯ್ಸಳರ ಮಂಟಪಗಳ ಛಾವಣಿಯ ಅಂಕಣಗಳಿಗೆ (ನಾಲ್ಕು ಕಂಬದ ನಡುವಿನ ಚೌಕಗಳಿಗೆ) ಭುವನೇಶ್ವರಿ ಅನ್ನುತ್ತಾರೆ. ಸೋಮನಾಥಪುರದಲ್ಲಿ ಒಂದೊಂದು ಅಂಕಣವೂ ಬೇರೆ ಬೇರೆ, ಬಾಳೆಮೊಗ್ಗು ತಲೆಕೆಳಗಾಗಿ ಇಳಿಬಿದ್ದಂತೆ ಇರುವುದು ಎಲ್ಲಕ್ಕಿಂತ ಹೆಸರುವಾಸಿ. ಇದನ್ನು ನಿಂತುಕೊಂಡು ತಲೆ ಎತ್ತಿ ತೆಗೆಯಲು ಹೋದರೆ ಕತ್ತು ನೋಯುವುದೇ ಬಂತು, ಅಂಕಣ ಒಂದು ಕಡೆಗೆ ವಾಲಿರುತ್ತದೆ. ಅದರ ಬದಲು ಕ್ಯಾಮೆರಾವನ್ನೇ ನೆಲದ ಮೇಲೆ ಅಂಗಾತ ಮಲಗಿಸಿ. ಕೆಳಗೆ ಒಂದು ಕರ್ಚೀಫು ಹಾಸಿ, ಲೆನ್ಸ್ ಮೇಲೆ ನೋಡುತ್ತಿರಲಿ. ಮೊದಲು ಕೈಯಲ್ಲೇ ಹಿಡಿದು ಛಾವಣಿಗೆ ಫೋಕಸ್ ಮಾಡಿಕೊಂಡು ಆಮೇಲೆ ಆಟೋಫೋಕಸ್ ಆಫ್ ಮಾಡಿ. ಐಎಸ್ ಕೂಡ ಆಫ್, ನೆಲದ ಮೇಲೆ ಅದರ ಕೆಲಸ ಇಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ, ಕಡಿಮೆ ಇದ್ದಷ್ಟು ಚಿತ್ರ ಸ್ವಚ್ಛ) 100, ಎಫ್/8, ಎರಡೋ ಮೂರೋ ಸೆಕೆಂಡ್, ಹತ್ತು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿಯಿರಿ. ಪಕ್ಕಕ್ಕೆ ಅಂದರೆ ನಿಜವಾಗಿಯೂ ಪಕ್ಕಕ್ಕೆ, 10ಎಂಎಂ ಎಷ್ಟು ಅಗಲ ಅಂದರೆ ಬಗ್ಗಿ ನೋಡುವ ನಿಮ್ಮ ತಲೆಯೂ ಮೂಲೆಯಲ್ಲಿ ಬಂದಿರುತ್ತದೆ. ವೈಫೈ ಇರುವ ಕ್ಯಾಮೆರಾ ಆದರೆ ಇನ್ನೂ ಸುಲಭ, ಫೋನಿನಲ್ಲಿ ನೋಡಿಕೊಂಡೇ ಒತ್ತಬಹುದು. ಒಂದು ಫ್ರೇಮ್ ತೆಗೆದು ನಾಲ್ಕು ಮೂಲೆ ನೋಡಿ, ಕ್ಯಾಮೆರಾವನ್ನು ಬೆರಳಷ್ಟು ಸರಿಸಿ, ಮತ್ತೆ ತೆಗೆಯಿರಿ. ತೊಲೆಗಳು ನಾಲ್ಕೂ ಅಂಚಿಗೆ ಸಮ ಆಗುವವರೆಗೆ ಇದೇ ಕೆಲಸ.

ಟ್ರೈಪಾಡ್ ಇಲ್ಲದೆ ಐಎಸ್‌ಒ 100ರಲ್ಲಿ ತೆಗೆದ ಆ ಚಿತ್ರವನ್ನು ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ. ಅಲ್ಲಿ ನಿಂತಾಗ ಕಣ್ಣಿಗೆ ಬೀಳದ ಸಣ್ಣ ಸಣ್ಣ ಮೂರ್ತಿಗಳು ಪಟ್ಟಿಯ ಸುತ್ತ ಕೂತಿರುತ್ತವೆ. ಬೇಲೂರಿನ ನಡು ಅಂಕಣಕ್ಕೂ ಇದೇ ಉಪಾಯ. ಅಲ್ಲಿ ಇನ್ನೊಂದು ಲಾಭ ಇದೆ. 42 ಮದನಿಕೆಯರಲ್ಲಿ ನಾಲ್ವರು ಒಳಗಿದ್ದಾರೆ, ನಡುವಿನ ಕಂಬಗಳ ಮೇಲೆ. ಕ್ಯಾಮೆರಾ ಸರಿಯಾಗಿ ನಡುವೆ ಬಿದ್ದರೆ ಅವರು ನಾಲ್ಕು ಮೂಲೆಯಿಂದ ಫ್ರೇಮಿನೊಳಗೆ ಬಾಗಿದಂತೆ ಕಾಣುತ್ತಾರೆ. ಆದರೆ ಬೇಲೂರಿನಲ್ಲಿ ಪೂಜೆ ನಡೆಯುತ್ತದೆ, ಜನ ಬರುತ್ತಲೇ ಇರುತ್ತಾರೆ. ಬಾಗಿಲು ತೆಗೆದ ಹೊತ್ತಿಗೇ ಹೋಗಿ. ದಾರಿಯ ಮಧ್ಯೆ ಕ್ಯಾಮೆರಾ ಮಲಗಿಸಿ ಅಜ್ಜಿಯರಿಗೆ ಎಡವಿಸಬೇಡಿ. ಗರ್ಭಗುಡಿಯ ಕಡೆ ಲೆನ್ಸ್ ತಿರುಗಿಸಬೇಡಿ. ಅರ್ಚಕರನ್ನು ಮೊದಲೇ ಒಂದು ಮಾತು ಕೇಳಿದರೆ ಮುಕ್ಕಾಲು ಪಾಲು ಕಡೆ ಅವರೇ ಎಲ್ಲಿಂದ ತೆಗೆದರೆ ಚೆನ್ನ ಅಂತ ತೋರಿಸುತ್ತಾರೆ.

ಹಂಪಿಯ ವಿರೂಪಾಕ್ಷನ ರಂಗಮಂಟಪ 1510ರ ಸುಮಾರಿಗೆ ಕೃಷ್ಣದೇವರಾಯ ಕಟ್ಟಿಸಿದ್ದು, ಅದರ ಛಾವಣಿ ತುಂಬ ಬಣ್ಣದ ಚಿತ್ರಗಳು. ಅಲ್ಲಿ ನೆಲದ ಮೇಲೆ ಇಡೋಕೆ ಜನ ಬಿಡಲ್ಲ, ಅಷ್ಟು ಓಡಾಟ. ಕೈಯಲ್ಲೇ ಹಿಡಿದು ತೆಗೆಯಬೇಕು, ಐಎಸ್ ಮತ್ತೆ ಕೈ ಹಿಡಿಯುತ್ತದೆ. ಅದೇ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಗೆ ಬೀಳುತ್ತದಲ್ಲ, ಅದನ್ನೂ ಈ ಲೆನ್ಸಿನಲ್ಲಿ ತೆಗೆಯಬಹುದು. ಸಣ್ಣ ತೂತಿನಿಂದ ಬೆಳಕು ಬಂದು ಎದುರು ಗೋಡೆಗೆ ಚಿತ್ರ ಮೂಡುವುದು ಅಂದರೆ ಆ ಕೋಣೆಯೇ ಒಂದು ಕ್ಯಾಮೆರಾ. ಅದಕ್ಕೆ ಲೆನ್ಸೂ ಬೇಕಿಲ್ಲ, ಬ್ಯಾಟರಿಯೂ ಬೇಕಿಲ್ಲ. ನಮಗೆ ಮಾತ್ರ ಐಎಸ್‌ಒ 3200 ಬೇಕಾಗುತ್ತದೆ.

ಇಷ್ಟು ಹೊಗಳಿದ್ದಾಯ್ತು. ಈಗ ಶಿಲ್ಪದ ವಿಷಯ.

ಅಗಲದ ಲೆನ್ಸ್ ಸಿಕ್ಕಿದ ಹೊಸದರಲ್ಲಿ ಎಲ್ಲರೂ ಮಾಡುವುದು ಒಂದೇ. ಮೂರ್ತಿಯ ಮೂಗಿನ ಹತ್ತಿರ ಹೋಗಿ ಕ್ಲಿಕ್ ಮಾಡುವುದು. ಈ ಲೆನ್ಸ್ 22 ಸೆಂಟಿಮೀಟರಿನಿಂದಲೇ ಫೋಕಸ್ ಮಾಡುತ್ತದೆ, ಹಾಗಾಗಿ ಆಸೆ ಜಾಸ್ತಿ. ಆದರೆ ಹತ್ತಿರ ಇರುವುದೆಲ್ಲ ದೊಡ್ಡದಾಗಿ, ದೂರ ಇರುವುದೆಲ್ಲ ಸಣ್ಣದಾಗಿ ಬರುವುದು ಅಗಲ ಲೆನ್ಸಿನ ಗುಣ. ಹಳೇಬೀಡಿನ ಗೋಡೆಯಲ್ಲಿ ಕೈಲಾಸ ಎತ್ತುವ ರಾವಣನನ್ನು 10ಎಂಎಂನಲ್ಲಿ ಕೆಳಗಿನಿಂದ ತೆಗೆದರೆ ಅವನ ಮಂಡಿಯೇ ಕೈಲಾಸಕ್ಕಿಂತ ದೊಡ್ಡದಾಗಿ, ಮೇಲೆ ಕೂತ ಶಿವ ಪಾರ್ವತಿಯರು ಕಾಣಿಸುವುದೇ ಕಷ್ಟ. ಶಿಲ್ಪಿ ಅಷ್ಟು ಅಳತೆ ಇಟ್ಟು ಕೆತ್ತಿದ್ದನ್ನು ಲೆನ್ಸ್ ಒಂದೇ ಏಟಿಗೆ ಕೆಡಿಸುತ್ತದೆ.

ಶ್ರವಣಬೆಳಗೊಳದ ಗೊಮ್ಮಟನಲ್ಲಿ ಇದು ಎದ್ದು ಕಾಣುತ್ತದೆ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ, ಸುಮಾರು 57 ಅಡಿಯ ಒಂದೇ ಕಲ್ಲಿನ ಮೂರ್ತಿ. ಸುತ್ತ ಕಟ್ಟಡ ಇರುವುದರಿಂದ ತುಂಬಾ ಹಿಂದೆ ಹೋಗಲು ಆಗುವುದಿಲ್ಲ. ಅದಕ್ಕೇ 10ಎಂಎಂ ಹಾಕಿ ಪಾದದ ಬುಡದಿಂದ ತೆಗೆಯುತ್ತಾರೆ. ಫೋಟೋದಲ್ಲಿ ಎರಡು ದೊಡ್ಡ ಪಾದ, ಮೇಲೆ ನಿಂಬೆಹಣ್ಣಿನಷ್ಟು ತಲೆ. ಆ ಮುಖದ ನಗುವಿಗಾಗಿ ತಾನೇ ಅಷ್ಟು ಮೆಟ್ಟಿಲು ಹತ್ತಿದ್ದು? ಅಂಗಳದ ಕೊನೆಗೆ ಹೋಗಿ ಕ್ಯಾಮೆರಾ ಉದ್ದ ಹಿಡಿದು 18ಎಂಎಂನಲ್ಲಿ ತೆಗೆಯಿರಿ, ಎಷ್ಟೋ ವಾಸಿ. ಹಂಪಿಯ ಕಲ್ಲಿನ ರಥಕ್ಕೂ ಹಾಗೆಯೇ. 50 ರೂಪಾಯಿ ನೋಟಿನ ಹಿಂದೆ ಇರುವ ರಥದ ಅಳತೆ ನೋಡಿ, ಅದು ದೂರದಿಂದ ನೋಡಿದ ರಥ. ಗಾಲಿಯ ಪಕ್ಕ ನಿಂತು ತೆಗೆದರೆ ಗಾಲಿಯೇ ರಥವನ್ನು ನುಂಗಿರುತ್ತದೆ.

ಶಿಲ್ಪಕ್ಕೆ ಬೇಕಾದ್ದು 50ಎಂಎಂ ಎಫ್/1.8, ಇಲ್ಲವೇ ದೂರದ್ದನ್ನು ಹತ್ತಿರ ತರುವ 55-250 ಲೆನ್ಸ್. ಬೇಲೂರಿನ ದರ್ಪಣಸುಂದರಿ ಇರುವುದು ಸೂರಿನ ಕೆಳಗೆ, ತಲೆಗಿಂತ ತುಂಬಾ ಮೇಲೆ. ದೂರ ನಿಂತು ಉದ್ದ ಲೆನ್ಸಿನಲ್ಲಿ ತೆಗೆದರೆ ಕನ್ನಡಿ ಹಿಡಿದ ಕೈ, ಬಳೆ, ಮುಖ ಎಲ್ಲ ಅದರದರ ಅಳತೆಯಲ್ಲಿ ಬರುತ್ತದೆ. ಹೊತ್ತು ಕೂಡ ಮುಖ್ಯ. ಹೊಯ್ಸಳರದ್ದು ಬಳಪದ ಕಲ್ಲು, ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಬರೀ ಕಪ್ಪು ಬಿಳುಪು. ಹಳೇಬೀಡಿನ ಒಳ್ಳೊಳ್ಳೆಯ ಶಿಲ್ಪಗಳೆಲ್ಲ ದೇವಸ್ಥಾನದ ಹಿಂದೆ, ಪಶ್ಚಿಮದ ಗೋಡೆಯಲ್ಲಿವೆ. ಮೂರೂವರೆ ನಾಲ್ಕು ಗಂಟೆಯ ಮೇಲೆ ಬಿಸಿಲು ಆ ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತದೆ, ಒಡವೆಯ ಒಂದೊಂದು ಮಣಿಯೂ ಬೇರೆ ಬೇರೆ ನಿಲ್ಲುತ್ತದೆ. ಬೆಂಗಳೂರಿನಿಂದ ಹೊರಟ ಬಹಳ ಜನ ಬೆಳಿಗ್ಗೆ ಹಳೇಬೀಡು ಮುಗಿಸಿ ಮಧ್ಯಾಹ್ನ ಬೇಲೂರು ಮಾಡುತ್ತಾರೆ. ತಿರುಗಿಸಿ ಮಾಡಿ ನೋಡಿ. ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುವುದೂ ತಪ್ಪುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಬ್ಯಾಗಿನಲ್ಲಿರಲಿ.

ಹೊರಗಿನಿಂದ ಇಡೀ ದೇವಸ್ಥಾನ ತೆಗೆಯೋಕೆ ಈ ಲೆನ್ಸ್ ಹೇಗೆ? ಸೋಮನಾಥಪುರಕ್ಕೆ ಚೆನ್ನಾಗಿ ಹೊಂದುತ್ತದೆ. 1268ರ ಸುಮಾರಿನ ಆ ದೇವಸ್ಥಾನಕ್ಕೆ ಸುತ್ತ ಕೈಸಾಲೆ ಇದೆ, ನಡುವೆ ಅಂಗಳ. ಕೈಸಾಲೆಯ ಮೂಲೆಯಲ್ಲಿ ನಿಂತರೆ ಮೂರೂ ಶಿಖರ, ನಕ್ಷತ್ರದಂತೆ ಮಡಚಿಕೊಂಡ ಜಗತಿ (ದೇವಸ್ಥಾನ ನಿಂತಿರುವ ಕಟ್ಟೆ) ಎಲ್ಲ ಒಂದೇ ಫ್ರೇಮಿಗೆ ಬರುತ್ತವೆ, ಕೈಸಾಲೆಯ ಕಂಬವನ್ನೇ ಅಂಚಿಗೆ ಚೌಕಟ್ಟು ಮಾಡಿಕೊಳ್ಳಬಹುದು. ಒಂದೇ ಎಚ್ಚರ, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬಾರದು. ಮಾಡಿದರೆ ಶಿಖರಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಪರದೆಯಲ್ಲಿ ಗೆರೆಗಳನ್ನು ಹಾಕಿಕೊಂಡು ಕ್ಯಾಮೆರಾ ನೆಟ್ಟಗೆ ಹಿಡಿಯಿರಿ, ಕೆಳಗೆ ಜಾಸ್ತಿ ನೆಲ ಬಂದರೆ ಬರಲಿ, ಆಮೇಲೆ ಕತ್ತರಿಸಿದರಾಯ್ತು.

ಬಾದಾಮಿಯಲ್ಲಿ ಮೂರನೇ ಗುಹೆಗೆ ಈ ಲೆನ್ಸ್ ಬೇಕೇ ಬೇಕು. ಮಂಗಳೇಶನ ಶಾಸನ ಇರುವ, 578ರ ಗುಹೆ ಅದು. ಮೊಗಸಾಲೆಯ ಒಂದು ತುದಿಯಲ್ಲಿ ನಿಂತರೆ ಕಂಬಗಳ ಸಾಲು, ಆದಿಶೇಷನ ಮೇಲೆ ಕೂತ ವಿಷ್ಣು, ಛಾವಣಿ ಎಲ್ಲ ಒಟ್ಟಿಗೆ ಸಿಗುತ್ತವೆ. ಇಲ್ಲಿ ಲೆನ್ಸಿಗಿಂತ ಕ್ಯಾಮೆರಾದ ಬಣ್ಣದ ಲೆಕ್ಕ ಕೈಕೊಡುತ್ತದೆ. ನೆಲದಿಂದ ಪುಟಿದ ಬೆಳಕಿಗೆ ಇಡೀ ಗುಹೆ ಕೆಂಪಗೆ ಹೊಳೆಯುತ್ತಿರುತ್ತದೆ. ಕ್ಯಾಮೆರಾ ಅದನ್ನು ತಪ್ಪು ಅಂದುಕೊಂಡು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು ಬಿಸಿಲಿನ ಚಿಹ್ನೆಗೆ ಇಡಿ, ಕಣ್ಣಿಗೆ ಕಂಡ ಕೆಂಪು ಹಾಗೆಯೇ ಬರುತ್ತದೆ. ಮೊದಲ ಗುಹೆಯ 18 ಕೈಗಳ ನಟರಾಜನಿಗೆ ಮಾತ್ರ ಮತ್ತೆ 50ಎಂಎಂ ಹಾಕಿ. 10ಎಂಎಂನಲ್ಲಿ ತೆಗೆದರೆ ಒಂದು ಕಡೆಯ ಕೈಗಳು ಇನ್ನೊಂದು ಕಡೆಗಿಂತ ಉದ್ದ.

ಲೆನ್ಸಿನ ಕೊರತೆಗಳು ಇವೆ. ಕ್ಯಾಮೆರಾಗೆ ಕೂರುವ ಭಾಗ, ಅಂದರೆ ಮೌಂಟ್, ಪ್ಲಾಸ್ಟಿಕ್ಕಿನದು, ಪದೇ ಪದೇ ಲೆನ್ಸ್ ಬದಲಿಸುವವರು ನಿಧಾನವಾಗಿ ತಿರುಗಿಸಿ. ಅಡ್ಡ ಬೆಳಕು ತಡೆಯುವ ಹುಡ್ ಬೇರೆ ದುಡ್ಡು ಕೊಟ್ಟು ತಗೋಬೇಕು, ಇದು ನನಗೆ ಜಿಪುಣತನ ಅನ್ನಿಸುತ್ತದೆ. 18ಎಂಎಂಗೆ ಹೋದರೆ ಎಫ್/5.6ಕ್ಕೆ ಇಳಿಯುತ್ತದೆ. 10ಎಂಎಂನಲ್ಲಿ ಮೂಲೆಗಳು ಸ್ವಲ್ಪ ಕಪ್ಪಾಗುತ್ತವೆ, ತೊಲೆಯ ನೇರ ಗೆರೆ ಅಂಚಿನಲ್ಲಿ ಬಾಗುತ್ತದೆ. ಜಾಲಂಧ್ರದ ತೂತುಗಳ ಅಂಚಿಗೆ, ಕತ್ತಲೆ ಬೆಳಕು ಸೇರುವ ಕಡೆ, ನೇರಳೆ ಹಸಿರು ಗೆರೆ ಕಾಣುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಕಚ್ಚಾ ಚಿತ್ರ) ತೆಗೆದು ಕ್ಯಾನನ್‌ನದೇ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಇವೆಲ್ಲ ಬಹುಪಾಲು ಹೋಗುತ್ತವೆ. ಅಂದ ಹಾಗೆ, ಆಕಾಶವನ್ನು ಕಡುನೀಲಿ ಮಾಡುವ 67ಎಂಎಂ ಪೋಲರೈಸರ್ ಫಿಲ್ಟರಿಗೆ ದುಡ್ಡು ಹಾಕಬೇಡಿ. ಇಷ್ಟು ಅಗಲದಲ್ಲಿ ಆಕಾಶದ ಒಂದು ಭಾಗ ಕಡುನೀಲಿ, ಪಕ್ಕದ್ದು ತಿಳಿ, ಗೋಪುರದ ಹಿಂದೆ ಕಲೆ ಬಿದ್ದಂತೆ ಕಾಣುತ್ತದೆ. ಇನ್ನೊಂದು, ಮನೆಯವರ ಗುಂಪು ಫೋಟೋ ತೆಗೆಯುವಾಗ ಅತ್ತೆಯವರನ್ನು ಅಂಚಿಗೆ ನಿಲ್ಲಿಸಬೇಡಿ. ಅಂಚಿನಲ್ಲಿ ನಿಂತವರು ಅಡ್ಡ ಎಳೆದಂತೆ ಬರುತ್ತಾರೆ, ಆ ಫೋಟೋ ಮನೆಯ ಗ್ರೂಪಿಗೆ ಹೋದ ಮೇಲೆ ಲೆನ್ಸಿನ ಗುಣ ಅಂತ ವಿವರಿಸೋಕೆ ಆಗಲ್ಲ.

ಫೋನಿನಲ್ಲೇ 0.5 ಇದೆಯಲ್ಲ, ಇದು ಯಾಕೆ ಬೇಕು ಅನ್ನಬಹುದು. ಹೊರಗೆ, ಬಿಸಿಲಿನಲ್ಲಿ, ಸುಮ್ನೆ ವಾಟ್ಸಾಪ್‌ಗೆ ಹಾಕೋಕೆ ಫೋನೇ ಸಾಕು, ಸುಳ್ಳು ಹೇಳಲ್ಲ. ಆದರೆ ಫೋನಿನ ಅಗಲ ಲೆನ್ಸಿನ ಹಿಂದೆ ಇರುವುದು ಸಾಮಾನ್ಯವಾಗಿ ಪುಟಾಣಿ ಸೆನ್ಸರ್. ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಒಳಗೆ ಅದು ಕತ್ತಲೆಯನ್ನು ಬಲವಂತವಾಗಿ ಬೆಳಗಿಸಿ ಕಲ್ಲಿಗೆ ಮೇಣ ಮೆತ್ತಿದಂತೆ ಮಾಡಿಬಿಡುತ್ತದೆ. 1430ರ ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಅನ್ನುತ್ತಾರೆ. ಆ ವ್ಯತ್ಯಾಸವೇ ಅಳಿಸಿಹೋದರೆ ಫೋಟೋ ತೆಗೆದು ಏನು ಬಂತು?

ಕೊಳ್ಳುವವರಿಗೆ ಕೊನೆಯದಾಗಿ. ಈ ಲೆನ್ಸ್ ಕೂರುವ ಹಳೆ ಬಗೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಿಟ್ಟು, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗುತ್ತಿರುವವರು ಬಹಳ ಜನ, ಹಾಗಾಗಿ ಇದು ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ತಗೊಳ್ಳುವಾಗ ಕತ್ತಲೆ ಮೂಲೆಯಲ್ಲಿ ಐಎಸ್ ಆನ್ ಮಾಡಿ, ಆಫ್ ಮಾಡಿ, ಕಾಲು ಸೆಕೆಂಡಿನ ಎರಡು ಫೋಟೋ ತೆಗೆದು ಹೋಲಿಸಿ. ಟಾರ್ಚ್ ಬಿಟ್ಟು ಗಾಜಿನೊಳಗೆ ಫಂಗಸ್ ಇದೆಯಾ ನೋಡಿ, ಕರಾವಳಿ ಮಲೆನಾಡಿನ ಕಡೆಯ ಲೆನ್ಸ್ ಆದರೆ ಇನ್ನೂ ಗಮನವಿಟ್ಟು ನೋಡಿ. ಆರ್50, ಆರ್10 ಥರದ ಹೊಸ ಕ್ಯಾಮೆರಾ ಇರುವವರಿಗೆ 2023ರಲ್ಲಿ ಆರ್‌ಎಫ್-ಎಸ್ 10-18 ಬಂದಿದೆ. ತೂಕ ಬರೀ 150 ಗ್ರಾಂ, ಐಎಸ್ ಅದರಲ್ಲೂ ಇದೆ, 18ಎಂಎಂನಲ್ಲಿ ಎಫ್/6.3ಕ್ಕೆ ಇಳಿಯುತ್ತದೆ ಅನ್ನುವುದೊಂದೇ ತಕರಾರು. ಹಳೆ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ಅಡಾಪ್ಟರ್ ಈಗಾಗಲೇ ಮನೆಯಲ್ಲಿದ್ದರೆ ಹಳೆಯದೇ ಸಾಕು, ಮಿಕ್ಕ ದುಡ್ಡಿಗೆ 55-250 ತಗೊಂಡು ಬೇಲೂರಿಗೆ ಹೊರಡಿ.